ಜಳಕದ ಮೇಲೆ ಮೈಗೆ ಎಣ್ಣೆ, ಕ್ರೀಮು: ಯಾರಿಗೆ ಬೇಕು, ಎಷ್ಟು ಬೇಕು, ಯಾವಾಗ ಹಚ್ಚಬೇಕು

ಜಳಕ ಮಾಡಿ ಮೈ ಒರೆಸಿಕೊಂಡು ಅರ್ಧ ತಾಸು ಸುಮ್ಮನೆ ಬಿಡಿ. ಆಮೇಲೆ ಕಣಕಾಲಿನ ಮುಂಭಾಗದಲ್ಲಿ ಉಗುರಿನಿಂದ ಹಗುರಾಗಿ ಒಂದು ಗೆರೆ ಎಳೆಯಿರಿ. ಬೆಳ್ಳನೆಯ ಗೆರೆ ಎದ್ದು ಕಂಡು, ಬೆರಳಿನಿಂದ ತಿಕ್ಕಿದರೆ ಹಿಟ್ಟಿನಂತೆ ಉದುರಿದರೆ ಚರ್ಮ ಒಣಗಿದೆ ಎಂದು ತಿಳಿಯಿರಿ. ಗೆರೆ ಮೂಡದೆ, ಮೈ ಬಿಗಿದಂತೆಯೂ ಅನಿಸದೆ ಇದ್ದರೆ ಸದ್ಯ ನಿಮಗೆ ಏನೂ ಹಚ್ಚುವ ಅಗತ್ಯವಿಲ್ಲ. ಬಾಟಲಿಯ ದುಡ್ಡು ಉಳಿಯಿತು. ಬೆನ್ನು, ಎದೆ, ಮುಖಕ್ಕೆ ಹೋಲಿಸಿದರೆ ಕಣಕಾಲಿನಲ್ಲಿ ಜಿಡ್ಡಿನ ಗ್ರಂಥಿಗಳು ಬಹಳ ಕಡಿಮೆ. ಹಾಗಾಗಿ ಒಣಗುವುದು ಮೊದಲು ಅಲ್ಲಿಯೇ. ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಈ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿ ಮುಗಿಸುವಂತಿಲ್ಲ. ಶ್ರಾವಣದಲ್ಲಿ ಖಾನಾಪುರದ ಕಾಡಂಚಿನಲ್ಲಿ ಇರುವವರ ಮೈಗೂ ಕಾರ್ತಿಕದಲ್ಲಿ ಇಂಡಿ, ಸಿಂದಗಿ ಕಡೆ ಇರುವವರ ಮೈಗೂ ಬೇಕಾಗುವುದು ಒಂದೇ ಅಲ್ಲ. ಅದೇ ಮನುಷ್ಯ ಬೆಳಗಾವಿಯಿಂದ ವಿಜಯಪುರಕ್ಕೆ ವರ್ಗವಾಗಿ ಬಂದರೂ ಅಲ್ಲಿ ಸಾಕಾಗುತ್ತಿದ್ದದ್ದು ಇಲ್ಲಿ ಸಾಲದು. ಗಾಳಿ, ನೀರು ಮತ್ತು ಸೋಪು, ಈ ಮೂರನ್ನು ನೋಡಿಯೇ ಎಷ್ಟು ಸಲ ಹಚ್ಚಬೇಕೆಂದು ತೀರ್ಮಾನಿಸಬೇಕು.

ಮೈ ಒಣಗುವುದು ಹೇಗೆ

ಚರ್ಮದ ತೀರಾ ಹೊರಗಿನ ಪದರ ಬಹಳ ತೆಳು. ಅಂಗೈ, ಅಂಗಾಲು ಬಿಟ್ಟರೆ ಹೆಚ್ಚಿನ ಕಡೆ ಅದರ ದಪ್ಪ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಆ ಪದರದ ಜೀವಕೋಶಗಳ ನಡುವೆ ತುಂಬಿಕೊಂಡಿರುವ ಜಿಡ್ಡೇ ಒಳಗಿನ ನೀರನ್ನು ಹಿಡಿದಿಡುತ್ತದೆ. ಸೋಪು ಕೊಳೆಯ ಜೊತೆಗೆ ಈ ಜಿಡ್ಡನ್ನೂ ತೊಳೆಯುತ್ತದೆ. ಬಿಸಿನೀರು ಅದನ್ನು ಇನ್ನಷ್ಟು ಸಡಿಲಿಸುತ್ತದೆ. ನಂತರ ಒಣಗಾಳಿ ತಾಗಿದರೆ ಚರ್ಮದ ನೀರು ಆರುತ್ತದೆ, ಪದರ ಕುಗ್ಗುತ್ತದೆ, ಬಿರಿಯುತ್ತದೆ.

ಎರೆಹೊಲ ಮಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆ ಬಿದ್ದು ಹದ ಇರುವಾಗಲೇ ಎಡೆ ಹೊಡೆದರೆ ಬಿರುಕು ಮುಚ್ಚಿ ಹಸಿ ಒಳಗೇ ಉಳಿಯುತ್ತದೆ. ನೆಲ ಒಣಗಿ ಬಿರಿದ ಮೇಲೆ ಕುಂಟೆ ಹೊಡೆದರೆ ಹೆಂಟೆ ಏಳುತ್ತದೆ ಅಷ್ಟೆ. ಮೈಗೆ ಹಚ್ಚುವ ಎಣ್ಣೆಯದೂ ಇದೇ ಲೆಕ್ಕ. ಎಣ್ಣೆ ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರು ಹೋಗದಂತೆ ಮುಚ್ಚುತ್ತದೆ. ಹಸಿ ಇರುವಾಗ ಹಚ್ಚಿದರೆ ಹಸಿ ಉಳಿಯುತ್ತದೆ. ಒಣಗಿದ ಮೇಲೆ ಹಚ್ಚಿದರೆ ಮೈ ಹೊಳೆಯುತ್ತದೆ, ಒಳಗಿನ ಬಿಗಿತ ಹಾಗೇ ಇರುತ್ತದೆ. ತುಟ್ಟಿ ಕ್ರೀಮು ತಂದರೂ ಫಲ ಕಾಣಲಿಲ್ಲ ಎನ್ನುವವರಲ್ಲಿ ಬಹಳ ಜನ ಎಡವುವುದು ಇಲ್ಲೇ.

ನೀರನ್ನು ಮೊದಲು ನೋಡಿ

ಬೆಳಗಾವಿ ನಗರಕ್ಕೆ ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳ ನೀರು ಬರುತ್ತದೆ. ವಿಜಯಪುರಕ್ಕೆ ಕೊಲ್ಹಾರದ ಬಳಿಯಿಂದ ಕೃಷ್ಣೆಯ ನೀರು ಬರುತ್ತದೆ. ಹೊಳೆ ನೀರಿನಲ್ಲಿ ಸೋಪು ಸಲೀಸಾಗಿ ನೊರೆ ಕೊಡುತ್ತದೆ. ನಳ ಬಾರದ ದಿನ ಬೋರಿನ ನೀರೇ ಗತಿ. ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ವರ್ಷವಿಡೀ ಅದೇ. ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಹೆಚ್ಚಿದ್ದರೆ ಅವು ಸೋಪಿನ ಜೊತೆ ಸೇರಿ ನೀರಿನಲ್ಲಿ ಕರಗದ ಜಿಗುಟು ಪದಾರ್ಥವಾಗುತ್ತವೆ. ಬಕೆಟ್ಟಿನ ಒಳಗೋಡೆಗೆ ಬೂದು ಬಣ್ಣದ ಗೆರೆಯಾಗಿ ಅಂಟುವುದು ಅದೇ, ಮೈಮೇಲೆ ಉಳಿದು ತುರಿಕೆ ತರುವುದೂ ಅದೇ.

ನಿಮ್ಮ ನೀರು ಎಂಥದ್ದೆಂದು ತಿಳಿಯಲು ಎರಡು ಸಣ್ಣ ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಬೋರಿನ ನೀರು, ಇನ್ನೊಂದರಲ್ಲಿ ಕುಡಿಯಲು ತರುವ ಫಿಲ್ಟರ್ ನೀರು ಅರ್ಧರ್ಧ ತುಂಬಿ. ಎರಡಕ್ಕೂ ಒಂದೇ ಸೋಪಿನಿಂದ ಹೆರೆದ ಸಮಸಮ ಚೂರು ಹಾಕಿ ಹತ್ತು ಸಲ ಜೋರಾಗಿ ಅಲ್ಲಾಡಿಸಿ. ಬೋರಿನ ನೀರಿನಲ್ಲಿ ನೊರೆ ಏಳದೆ ಒಡೆದ ಹಾಲಿನಂತೆ ಕಣಕಣ ಕಂಡರೆ ಅದು ಗಡಸು ನೀರು. ಹಂಡೆಯ ತಳದಲ್ಲಿ, ಗೀಸರಿನ ಕಾಯಿಲಿನ ಮೇಲೆ ಸುಣ್ಣದಂತೆ ಕಟ್ಟುವ ಪದರವೂ ಅದೇ ಮಾತು ಹೇಳುತ್ತದೆ.

ಇದಕ್ಕೆ ಮನೆಗೆಲ್ಲ ಯಂತ್ರ ಕೂಡಿಸಬೇಕಿಲ್ಲ. ಜಳಕ ಬೋರಿನ ನೀರಿನಲ್ಲೇ ಆಗಲಿ, ಕೊನೆಯ ಎರಡು ಮೂರು ತಂಬಿಗೆ ಮಾತ್ರ ನಳದ ನೀರೋ ಮಳೆನೀರೋ ಆಗಲಿ. ಸೋಪನ್ನು ಬದಲಿಸುವುದು ಇನ್ನೊಂದು ದಾರಿ. ‘ಸಿಂಡೆಟ್ ಬಾರ್’ ಎಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿದರೆ ಸಿಗುವ ಬಿಲ್ಲೆ ಗಡಸು ನೀರಿನಲ್ಲೂ ಜಿಗುಟು ಕಟ್ಟುವುದಿಲ್ಲ. ಸಾಮಾನ್ಯ ಸೋಪಿನ ಪಿಎಚ್ (ಆಮ್ಲ, ಕ್ಷಾರದ ಅಳತೆ, 7ಕ್ಕಿಂತ ಮೇಲಿದ್ದರೆ ಕ್ಷಾರ) 9ರಿಂದ 10ರ ಆಸುಪಾಸು, ಚರ್ಮದ್ದು 5ರ ಹತ್ತಿರ. ಸಿಂಡೆಟ್ ಚರ್ಮದ ಮಟ್ಟಕ್ಕೆ ಸಮೀಪ ಇರುತ್ತದೆ. ಸೋಪಿನ ಪೊಟ್ಟಣದ ಮೇಲೆ ಬರೆದಿರುವ ಟಿಎಫ್‌ಎಂ, ಅಂದರೆ ಸೋಪಿನಲ್ಲಿರುವ ಒಟ್ಟು ಕೊಬ್ಬಿನಂಶ, 76 ಶೇಕಡಾ ಅಥವಾ ಹೆಚ್ಚಿದ್ದರೆ ಅದು ಮೊದಲ ದರ್ಜೆಯ ಸೋಪು. ಒಳ್ಳೆಯದೇ, ಆದರೆ ಮೊದಲ ದರ್ಜೆಯ ಸೋಪೂ ಕ್ಷಾರವೇ ಎಂಬುದನ್ನು ಮರೆಯಬೇಡಿ.

ಜಳಕವನ್ನೇ ತುಸು ತಿದ್ದಿ

ಹಚ್ಚುವುದಕ್ಕಿಂತ ಮೊದಲು, ತೊಳೆದು ಕಳೆಯುವುದನ್ನು ಕಡಿಮೆ ಮಾಡಬೇಕು. ಥಂಡಿ ದಿನಗಳಲ್ಲಿ ಹಂಡೆಯ ಸುಡುನೀರನ್ನು ಸುರಿದುಕೊಂಡಾಗ ಹಿತ ಅನಿಸುತ್ತದೆ, ತುರಿಕೆಯೂ ಆ ಗಳಿಗೆಗೆ ನಿಲ್ಲುತ್ತದೆ. ಅರ್ಧ ತಾಸಿನ ಮೇಲೆ ಇಮ್ಮಡಿಯಾಗಿ ಮರಳುತ್ತದೆ. ಬೆರೆಸಿದ ನೀರಿನಲ್ಲಿ ಮೊಣಕೈ ಅದ್ದಿ ನೋಡಿ: ಬೆಚ್ಚಗೆ ಅನಿಸಬೇಕು, ಬಿಸಿ ಅನಿಸಬಾರದು. ಮೈ ಕೆಂಪಾದರೆ ನೀರು ಹೆಚ್ಚು ಬಿಸಿ ಇದೆ. ಐದರಿಂದ ಹತ್ತು ನಿಮಿಷದಲ್ಲಿ ಜಳಕ ಮುಗಿಯಲಿ.

ಸೋಪು ದಿನಾಲೂ ಬೇಕಾಗುವುದು ಕಂಕುಳು, ತೊಡೆಸಂದು, ಪಾದ, ಮತ್ತು ನಿಜವಾಗಿ ಮಣ್ಣು, ಗ್ರೀಸು, ಬೆವರು ಮೆತ್ತಿದ ಜಾಗಗಳಿಗೆ. ತೋಳು, ಕಣಕಾಲು, ಹೊಟ್ಟೆಗೆ ಚಳಿಗಾಲದಲ್ಲಿ ನೀರೇ ಸಾಕು. ಹೊಲದಲ್ಲಿ ಜೋಳದ ಸುಂಕು ಹತ್ತಿದ ದಿನ, ಕಬ್ಬು ಕಡಿದು ಬಂದ ದಿನ ಮೈಗೆಲ್ಲ ಸೋಪು ಬೇಕೇ ಬೇಕು. ಅಂಥ ದಿನ ಮೊದಲು ಬರೀ ನೀರು ಸುರಿದುಕೊಂಡು ಸುಂಕು ತೊಳೆದುಹೋಗಲು ಬಿಡಿ, ಆಮೇಲೆ ಕೈಯಿಂದಲೇ ಸೋಪು ಹಚ್ಚಿ. ಉಜ್ಜುಗಲ್ಲು, ಪ್ಲಾಸ್ಟಿಕ್ ಜಾಲರಿಯಿಂದ ತಿಕ್ಕಿದರೆ ಸುಂಕಿನ ಮುಳ್ಳು ಚರ್ಮದಲ್ಲಿ ಇನ್ನಷ್ಟು ಚುಚ್ಚಿಕೊಳ್ಳುತ್ತದೆ.

ಹಚ್ಚುವ ಕ್ರಮ

ಬಚ್ಚಲಿನಲ್ಲೇ, ಇಲ್ಲವೇ ಬಚ್ಚಲ ಬಾಗಿಲಲ್ಲೇ ಹಚ್ಚಿಕೊಳ್ಳಬೇಕು. ಕೋಣೆಗೆ ಬಂದು, ಬಟ್ಟೆ ಉಟ್ಟು, ಚಹಾ ಕುಡಿದು ಹಚ್ಚುವುದಲ್ಲ. ಟವೆಲ್ಲನ್ನು ಮೈಗೆ ಒತ್ತಿ ಒತ್ತಿ ನೀರು ಹೀರಿಸಿ, ಎಳೆದು ಉಜ್ಜಬೇಡಿ. ಹನಿ ತೊಟ್ಟಿಕ್ಕಬಾರದು, ಆದರೆ ಕೈ ಆಡಿಸಿದರೆ ತೇವ ತಾಗಬೇಕು. ಅಷ್ಟು ಹದ ಬಂದಾಗ, ಮೂರು ನಿಮಿಷದ ಒಳಗೆ, ಹಚ್ಚಿ ಮುಗಿಸಿ. ಕಾಲಿನಿಂದ ಆರಂಭಿಸಿದರೆ ಅನುಕೂಲ, ಏಕೆಂದರೆ ಬೇಗ ಒಣಗುವುದೂ ಹೆಚ್ಚು ಬೇಕಾಗುವುದೂ ಅಲ್ಲೇ. ಕೂದಲು ಬೆಳೆದ ದಿಕ್ಕಿನಲ್ಲಿ, ಮೇಲಿನಿಂದ ಕೆಳಗೆ ಸವರಿ. ಎದುರು ದಿಕ್ಕಿಗೆ ಜೋರಾಗಿ ತಿಕ್ಕಿದರೆ ಜಿಡ್ಡು ಕೂದಲಿನ ಬುಡಕ್ಕೆ ಸೇರಿ, ನಾಲ್ಕಾರು ದಿನದಲ್ಲಿ ಸಣ್ಣ ಕೀವುಗುಳ್ಳೆ ಏಳಬಹುದು. ಹಚ್ಚಿ ಎರಡು ಮೂರು ನಿಮಿಷ ಆದ ಮೇಲೆ ಬಟ್ಟೆ ಹಾಕಿಕೊಳ್ಳಿ. ಅಂಗಾಲಿಗೆ ಹಚ್ಚುವುದು ಕೊನೆಗೆ, ಅದೂ ಬಚ್ಚಲಿನಿಂದ ಹೊರಗೆ ಬಂದು ಕುಳಿತ ಮೇಲೆ. ಎಣ್ಣೆಗಾಲಲ್ಲಿ ಒದ್ದೆ ಫರ್ಸಿಯ ಮೇಲೆ ಕಾಲಿಟ್ಟರೆ ಜಾರುವುದು ಖಚಿತ. ವಯಸ್ಸಾದವರಿರುವ ಮನೆಯಲ್ಲಿ ಇದು ಎಲ್ಲಕ್ಕಿಂತ ಮುಖ್ಯ.

ಪ್ರಮಾಣಕ್ಕೆ ಚರ್ಮದ ವೈದ್ಯರು ಬಳಸುವ ಒಂದು ಅಳತೆ ಇದೆ. ಟ್ಯೂಬಿನಿಂದ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಹಿಂಡಿದ ಕ್ರೀಮು ಸುಮಾರು ಅರ್ಧ ಗ್ರಾಂ. ಅದು ಬೆರಳುಗಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ದೊಡ್ಡವರ ಇಡೀ ಮೈಗೆ ಇಂಥ ನಲವತ್ತು ಬೆರಳು, ಅಂದರೆ 20 ಗ್ರಾಂ ಬೇಕು. ಆ ಲೆಕ್ಕದಲ್ಲಿ 200 ಗ್ರಾಮಿನ ಡಬ್ಬಿ ಹತ್ತೇ ದಿನ. ಬಹಳ ಜನರಿಗೆ ಅಷ್ಟು ಬೇಕಾಗುವುದಿಲ್ಲ. ಮೊಣಕಾಲಿನಿಂದ ಕೆಳಗೆ ತಲಾ ಮೂರು ಬೆರಳು, ಪಾದಕ್ಕೆ ತಲಾ ಎರಡು, ಮುಂಗೈಗೆ ತಲಾ ಒಂದೂವರೆ, ಹಸ್ತಕ್ಕೆ ತಲಾ ಒಂದು: ಒಟ್ಟು ಹದಿನೈದು ಬೆರಳು, ಏಳೂವರೆ ಗ್ರಾಂ. ಹೆಚ್ಚು ಕಡಿಮೆ ಒಂದೂವರೆ ಚಹಾ ಚಮಚ. ಎಣ್ಣೆಯಾದರೆ ಇದೇ ಜಾಗಕ್ಕೆ ಒಂದು ಚಹಾ ಚಮಚ ಸಾಕು, ಒದ್ದೆ ಮೈಮೇಲೆ ಅದು ಚೆನ್ನಾಗಿ ಹರಡುತ್ತದೆ.

ಹಚ್ಚಬಾರದ ಜಾಗಗಳೂ ಇವೆ. ಕಂಕುಳು, ತೊಡೆಸಂದು, ಕಾಲ್ಬೆರಳ ಸಂದಿ. ಅಲ್ಲಿ ಮೊದಲೇ ತೇವ ನಿಂತಿರುತ್ತದೆ, ಮುಚ್ಚಿದರೆ ಬೂಷ್ಟಿನ ಸೋಂಕಿಗೆ ಹಾದಿ. ಮೊಡವೆ ಏಳುವ ವಯಸ್ಸಿನ ಹುಡುಗ ಹುಡುಗಿಯರ ಬೆನ್ನು, ಎದೆಗೂ ಎಣ್ಣೆ ಬೇಡ.

ಎಷ್ಟು ಸಲ

ದೀಪಾವಳಿ ಮುಗಿದು ಥಂಡಿ ಗಾಳಿ ಬಿಟ್ಟಾಗಿನಿಂದ ಶಿವರಾತ್ರಿ ದಾಟುವವರೆಗೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ, ಬೆಳಗಾವಿಯ ಅಥಣಿ, ರಾಯಬಾಗ ಕಡೆಯೂ, ಮೈ ಒಣಗುವವರು ದಿನಾ ಜಳಕವಾದ ಕೂಡಲೇ ಒಮ್ಮೆ ಹಚ್ಚಬೇಕು. ಹಸ್ತ, ಪಾದ, ತುಟಿಗೆ ರಾತ್ರಿ ಮಲಗುವಾಗ ಇನ್ನೊಮ್ಮೆ. ಇಷ್ಟಾದರೂ ಉಗುರಿನ ಗೆರೆ ಮೂಡುತ್ತಿದ್ದರೆ ಸಂಜೆ ಕೈಕಾಲು ತೊಳೆದಾಗ ಮೂರನೆಯ ಸಲ. ಅದಕ್ಕೂ ಮೊದಲು ಸೋಪು ಕಡಿಮೆ ಮಾಡಿದ್ದೀರಾ ಎಂದು ಕೇಳಿಕೊಳ್ಳಿ.

ಬೇಸಿಗೆಯಲ್ಲಿ ಗಾಳಿ ಒಣಗಿದ್ದರೂ ಬೆವರು ಸುರಿಯುತ್ತದೆ. ಏಪ್ರಿಲ್, ಮೇನಲ್ಲಿ ಮೈತುಂಬ ಎಣ್ಣೆಯೋ ವ್ಯಾಸಲೀನೋ ಹಚ್ಚಿದರೆ ಬೆವರಿನ ದಾರಿ ಮುಚ್ಚಿ ಬೆವರುಗುಳ್ಳೆ ಏಳುತ್ತದೆ. ಆಗ ತೆಳು ಲೋಷನ್, ಅದೂ ಕೈಕಾಲಿಗೆ ಮಾತ್ರ, ವಾರಕ್ಕೆ ಎರಡು ಮೂರು ಸಲ ಸಾಕು. ಬೇಡ ಅನಿಸಿದರೆ ಬಿಡಿ. ಹಗಲೆಲ್ಲ ಎಸಿ ಕೋಣೆಯಲ್ಲಿ ಕೂರುವವರ ಲೆಕ್ಕ ಬೇರೆ, ಅವರಿಗೆ ವರ್ಷವಿಡೀ ಚಳಿಗಾಲವೇ. ಮಳೆಗಾಲದಲ್ಲಿ ಬೆಳಗಾವಿ, ಖಾನಾಪುರ ಕಡೆ ಹೆಚ್ಚಿನವರಿಗೆ ಏನೂ ಬೇಡ. ಮಳೆ ಕೈಕೊಟ್ಟು ಆಷಾಢದ ಗಾಳಿಯಷ್ಟೇ ಬೀಸುವ ವಾರಗಳಲ್ಲಿ ತುಟಿ ಮತ್ತು ಹಸ್ತ ನೋಡಿಕೊಂಡರೆ ಆಯಿತು.

ಅರವತ್ತು ದಾಟಿದವರಿಗೆ ಈ ಋತುಲೆಕ್ಕ ಅಷ್ಟಾಗಿ ಅನ್ವಯಿಸದು. ವಯಸ್ಸಾದಂತೆ ಚರ್ಮದ ಜಿಡ್ಡು ಕಡಿಮೆಯಾಗುತ್ತದೆ. ರಾತ್ರಿ ಕಂಬಳಿಯೊಳಗೆ ಕಣಕಾಲು ಕೆರೆದುಕೊಳ್ಳುವ ಅಜ್ಜ ಅಜ್ಜಿಯರಿಗೆ ಬಹಳ ಸಲ ಬೇರೆ ರೋಗವಿರುವುದಿಲ್ಲ, ಒಣಚರ್ಮ ಇರುತ್ತದೆ. ಉಣ್ಣೆ ಕಂಬಳಿಯ ಕೆಳಗೆ ಒಂದು ಹಳೆಯ ಹತ್ತಿ ಸೀರೆ ಹೊದಿಸಿ, ದಿನಾ ಹಚ್ಚಿ. ಪಾತ್ರೆ ತಿಕ್ಕುವವರು, ದಿನಕ್ಕೆ ಹತ್ತಾರು ಸಲ ಕೈ ತೊಳೆಯುವ ನರ್ಸು, ಹೋಟೆಲಿನವರು ಪ್ರತಿ ಸಲ ಕೈ ಒರೆಸಿಕೊಂಡ ಮೇಲೆ ಕಡಲೆಕಾಳಿನಷ್ಟು ಕ್ರೀಮು ಹಚ್ಚಬೇಕು. ಐದು ಹೊತ್ತು ವಜೂ ಮಾಡುವವರು ಹಗಲು ತೆಳು ಲೋಷನ್, ದಪ್ಪ ಮುಲಾಮು ರಾತ್ರಿಗೆ ಎಂದು ಹಂಚಿಕೊಂಡರೆ ಅನುಕೂಲ.

ಹಬ್ಬದ ಎಣ್ಣೆಸ್ನಾನದ ಬಗ್ಗೆ ಒಂದು ಮಾತು. ಜಳಕಕ್ಕೆ ಮೊದಲು ಇಪ್ಪತ್ತು ಮೂವತ್ತು ನಿಮಿಷ ಎಣ್ಣೆ ಬಿಟ್ಟು, ಸ್ವಲ್ಪವೇ ಕಡಲೆಹಿಟ್ಟಿನಲ್ಲಿ ತೊಳೆದರೆ ಮೈಮೇಲೆ ತೆಳು ಜಿಡ್ಡು ಉಳಿಯುತ್ತದೆ, ಆ ದಿನ ಮತ್ತೆ ಹಚ್ಚಬೇಕಿಲ್ಲ. ಅದೇ ಎಣ್ಣೆಯನ್ನು ಸೀಗೆಕಾಯಿ, ಮೇಲೆ ಎರಡು ಸಲ ಸೋಪು, ಸುಡುನೀರು ಹಾಕಿ ತೆಗೆದರೆ ಹಚ್ಚಿದ ಎಣ್ಣೆಯ ಜೊತೆ ಚರ್ಮದ ಸ್ವಂತ ಜಿಡ್ಡೂ ಹೋಯಿತು.

ಯಾವುದನ್ನು ಹಚ್ಚಬೇಕು

ಲೋಷನ್ ಎಂದರೆ ಹೆಚ್ಚಿನ ಪಾಲು ನೀರೇ. ಹಚ್ಚಲು ಸುಲಭ, ಬೇಗ ಆರುತ್ತದೆ. ಕ್ರೀಮು ಅದಕ್ಕಿಂತ ಗಟ್ಟಿ. ವ್ಯಾಸಲೀನಿನಂಥ ಪೆಟ್ರೋಲಿಯಂ ಜೆಲ್ಲಿಯಲ್ಲಿ ನೀರೇ ಇಲ್ಲ. ನೀರನ್ನು ತಡೆದು ಹಿಡಿಯುವುದರಲ್ಲಿ ಅದನ್ನು ಮೀರಿಸುವುದು ಅಂಗಡಿಯಲ್ಲಿ ಇಲ್ಲವೆಂದೇ ಹೇಳಬಹುದು. ಅಂಟಂಟು, ಧೂಳು ಹತ್ತುತ್ತದೆ ಎಂಬುದು ಅದರ ದೋಷ. ಹಗಲು ಹೊಲಕ್ಕೋ ಸಂತೆಗೋ ಹೋಗುವವರು ಒದ್ದೆ ಅಂಗೈಯಲ್ಲಿ ತುಸುವೇ ತಿಕ್ಕಿ ಸವರಿಕೊಳ್ಳಬಹುದು. ಡಬ್ಬಿಯ ಹಿಂದಿನ ಪಟ್ಟಿಯಲ್ಲಿ ಮೊದಲ ಐದಾರು ಹೆಸರು ಓದಿ: ಗ್ಲಿಸರಿನ್, ಪೆಟ್ರೋಲೇಟಮ್, ಲಿಕ್ವಿಡ್ ಪ್ಯಾರಾಫಿನ್, ಡೈಮೆಥಿಕೋನ್, ಯೂರಿಯಾ ಇವುಗಳಲ್ಲಿ ಎರಡಾದರೂ ಇರಬೇಕು. ಬಾದಾಮಿ, ಕೇಸರಿ ಚಿತ್ರ ಮುಂದೆ ಇದ್ದು, ಪಟ್ಟಿಯಲ್ಲಿ ಕೊನೆಗೆ ಬಂದರೆ ಅದು ಚಿತ್ರಕ್ಕಷ್ಟೇ ಇದೆ. ಮೈ ಬೇಗ ಕೆರಳುವವರು ಸುಗಂಧವಿಲ್ಲದ್ದನ್ನು ಆರಿಸಿ, ಮೊದಲು ಮೊಣಕೈ ಒಳಮಡಿಕೆಯಲ್ಲಿ ನಾಲ್ಕು ದಿನ ಹಚ್ಚಿ ನೋಡಿ.

ಎಣ್ಣೆಗಳಲ್ಲಿ ಕೊಬ್ಬರಿ ಎಣ್ಣೆ ಹೆಚ್ಚು ಜನಕ್ಕೆ ಒಗ್ಗುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದರಿಂದ ಚಳಿಗಾಲದ ಬೆಳಿಗ್ಗೆ ಬಾಟಲಿಯನ್ನು ಬಿಸಿನೀರಿನ ತಂಬಿಗೆಯಲ್ಲಿಟ್ಟುಕೊಂಡೇ ಜಳಕಕ್ಕೆ ಕೂರಿ. ನಮ್ಮ ಕಡೆಯ ಕುಸುಬಿ ಎಣ್ಣೆಯಲ್ಲಿ ಚರ್ಮದ ಪದರಕ್ಕೆ ಬೇಕಾದ ಲಿನೋಲಿಕ್ ಆಮ್ಲ ಹೇರಳ, ಆದರೆ ಬೇಗ ಕಮಟು ವಾಸನೆ ಹಿಡಿಯುತ್ತದೆ. ಗಾಣದಿಂದ ತಂದದ್ದರಲ್ಲಿ ಸಣ್ಣ ಬಾಟಲಿಯಷ್ಟು ತೆಗೆದು ಕತ್ತಲಲ್ಲಿಡಿ, ವಾಸನೆ ಬಂದರೆ ಮೈಗೆ ಬೇಡ. ಸಾಸಿವೆ ಎಣ್ಣೆ ಉರಿ ತರುತ್ತದೆ, ಕೂಸಿನ ಮೈಗಂತೂ ಬೇಡವೇ ಬೇಡ. ಬರೀ ಗ್ಲಿಸರಿನ್ನನ್ನು ಹಾಗೇ ಹಚ್ಚುವುದೂ ತಪ್ಪು: ಒಣಗಾಳಿಯಲ್ಲಿ ಅದು ಹೊರಗೆ ನೀರು ಸಿಗದೆ ಚರ್ಮದ ಒಳಗಿನಿಂದಲೇ ಎಳೆಯುತ್ತದೆ. ಒಂದು ಚಮಚ ಗ್ಲಿಸರಿನ್‌ಗೆ ಮೂರು ಚಮಚ ಕಾಯಿಸಿ ಆರಿಸಿದ ನೀರು ಬೆರೆಸಿ, ಒದ್ದೆ ಮೈಗೆ ಹಚ್ಚಿ, ಮೇಲೆ ಎರಡು ಹನಿ ಎಣ್ಣೆ ಸವರಿ. ನಾಲ್ಕು ದಿನಕ್ಕಾಗುವಷ್ಟೇ ಕಲಸಿ. ನೀರು ಬೆರೆತದ್ದು ಕೆಡುತ್ತದೆ.

ಹಿಂಬಡ ಒಡೆದವರಿಗೆ ಇದ್ಯಾವುದೂ ಸಾಲದು. ಅಲ್ಲಿ ಚರ್ಮ ದಪ್ಪಗಟ್ಟಿರುತ್ತದೆ. ರಾತ್ರಿ ಹತ್ತು ಹದಿನೈದು ನಿಮಿಷ ಬೆಚ್ಚನೆ ನೀರಿನಲ್ಲಿ ಕಾಲಿಟ್ಟು, ಉಜ್ಜುಗಲ್ಲಿನಿಂದ ಹಗುರಾಗಿ ಒಂದೇ ದಿಕ್ಕಿಗೆ ತಿಕ್ಕಿ, ಒರೆಸಿ, 10 ಶೇಕಡಾ ಯೂರಿಯಾ ಇರುವ ಕ್ರೀಮು ಹಚ್ಚಿ ಹತ್ತಿಯ ಕಾಲುಚೀಲ ಹಾಕಿ ಮಲಗಿ. ತಿಕ್ಕುವುದು ವಾರಕ್ಕೆ ಎರಡು ಸಲ, ಹಚ್ಚುವುದು ದಿನಾ. ರಕ್ತ ಬರುವ ಬಿರುಕಿಗೆ ಯೂರಿಯಾ ಉರಿಯುತ್ತದೆ. ಅದು ಮಾಯುವವರೆಗೆ ವ್ಯಾಸಲೀನ್ ಮಾತ್ರ. ಸಕ್ಕರೆ ಕಾಯಿಲೆ ಇರುವವರು ಬ್ಲೇಡು, ಕಲ್ಲು ಮುಟ್ಟಬಾರದು. ಅವರು ಬಿಸಿನೀರಲ್ಲಿ ಕಾಲಿಟ್ಟು ಕೂರುವುದೂ ಬೇಡ, ಸ್ಪರ್ಶ ಕಡಿಮೆಯಾಗಿದ್ದರೆ ಸುಟ್ಟದ್ದೂ ತಿಳಿಯುವುದಿಲ್ಲ.

ಬೆಂಕಿಯ ವಿಷಯವನ್ನು ಯಾರೂ ಹೇಳುವುದಿಲ್ಲ, ಹೇಳಲೇಬೇಕು. ಎಣ್ಣೆ, ಪ್ಯಾರಾಫಿನ್ ಹೀರಿದ ಬಟ್ಟೆಗೆ ಕಿಡಿ ತಾಗಿದರೆ ಬರೀ ಬಟ್ಟೆಗಿಂತ ಬೇಗ ಹತ್ತಿಕೊಂಡು ಜೋರಾಗಿ ಉರಿಯುತ್ತದೆ. ಒಮ್ಮೆ ಒಗೆದರೆ ಅದು ಪೂರ್ತಿ ಹೋಗುವುದೂ ಇಲ್ಲ. ಕೈಗೆ ಮೈಗೆ ಹಚ್ಚಿಕೊಂಡು ಒಲೆಯ ಮುಂದೆ ರೊಟ್ಟಿ ಬಡಿಯಲು ಕೂರುವವರು, ಕಟ್ಟಿಗೆ ಹಚ್ಚಿ ಚಳಿ ಕಾಯಿಸುವವರು, ಬೀಡಿ ಸೇದುವ ಹಿರಿಯರು ಇದನ್ನು ಗಮನದಲ್ಲಿಡಬೇಕು. ರಾತ್ರಿ ಹಚ್ಚುವುದಾದರೆ ಅಡುಗೆ, ಬೆಂಕಿ ಎಲ್ಲ ಮುಗಿದ ಮೇಲೆ.

ಒಣಚರ್ಮ ಅಲ್ಲದ್ದು

ಎರಡು ವಾರ ಸರಿಯಾಗಿ ಹಚ್ಚಿದ ಮೇಲೂ ತುರಿಕೆ ಇಳಿಯದಿದ್ದರೆ ಹಚ್ಚುವುದನ್ನು ಹೆಚ್ಚಿಸಬೇಡಿ, ಕಾರಣ ಹುಡುಕಿ. ಉಂಗುರದಂತೆ ಅಂಚು ಕಟ್ಟಿದ ಕಲೆ ಗಜಕರ್ಣ. ಎಣ್ಣೆ ಸವರಿದರೆ ಹರಡುತ್ತದೆ, ಅಂಗಡಿಯವರು ಕೊಡುವ ಸ್ಟೆರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಕಡಿಮೆಯಾದಂತೆ ಕಂಡು ಇಮ್ಮಡಿಯಾಗುತ್ತದೆ. ಬೆರಳ ಸಂದಿ, ಮಣಿಕಟ್ಟಿನಲ್ಲಿ ರಾತ್ರಿ ವಿಪರೀತ ತುರಿಕೆ, ಮನೆಯಲ್ಲಿ ಇನ್ನಿಬ್ಬರಿಗೂ ಅದೇ ಎಂದರೆ ಹುರುಕು. ಅದಕ್ಕೆ ಮನೆಮಂದಿಗೆಲ್ಲ ಒಟ್ಟಿಗೆ ಔಷಧ ಆಗಬೇಕು. ಹೊಲ, ಬದುಗಳಲ್ಲಿ ಓಡಾಡುವವರಿಗೆ ರೆಪ್ಪೆ, ಕತ್ತು, ಮೊಣಕೈ ಮಡಿಕೆಯಲ್ಲಿ ಕೆಂಪಾಗಿ ದಪ್ಪಗಟ್ಟಿದರೆ ಕಾಂಗ್ರೆಸ್ ಕಸದ ಅಲರ್ಜಿ ಇರಬಹುದು. ಸೊಂಟದ ಸುತ್ತ, ಪರಕಾರದ ಲಾಡಿ ಬಿಗಿಯುವಲ್ಲಿ ಮಾತ್ರ ಕಪ್ಪಾಗಿ ತುರಿಸಿದರೆ ಲಾಡಿಯನ್ನು ಅಗಲ ಪಟ್ಟಿಗೆ ಬದಲಿಸಿ, ದಿನಾ ಒಂದೇ ಗೆರೆಯಲ್ಲಿ ಕಟ್ಟಬೇಡಿ. ಕಲೆ, ಗುಳ್ಳೆ ಒಂದೂ ಇಲ್ಲದೆ ಮೈಯೆಲ್ಲ ತುರಿಸಿದರೆ ಸಕ್ಕರೆ, ಥೈರಾಯ್ಡ್, ಕಿಡ್ನಿ, ಯಕೃತ್ತಿನ ರಕ್ತಪರೀಕ್ಷೆ ಮಾಡಿಸಬೇಕು.

ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲಾ ಕೇಂದ್ರಗಳ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇದೆ. ಹೋಗುವ ದಿನ ಬೆಳಿಗ್ಗೆ ಏನೂ ಹಚ್ಚಬೇಡಿ, ಹಚ್ಚಿದರೆ ಪೊರೆಯೂ ಬಣ್ಣವೂ ಸರಿಯಾಗಿ ಕಾಣುವುದಿಲ್ಲ. ಇಲ್ಲಿಯವರೆಗೆ ಬಳಸಿದ ಟ್ಯೂಬು, ಸೋಪಿನ ಪೊಟ್ಟಣ ಎಲ್ಲವನ್ನೂ, ಖಾಲಿಯಾಗಿದ್ದರೂ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.